ಹಳಿ ಮೊದಲು, ಕೋಣೆ ಆಮೇಲೆ

ಮುಂಬಯಿಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಯೋಜನೆಯಲ್ಲಿ ಉಳಿಯುವ ಜಾಗದ ಲೆಕ್ಕವೂ ಓಡಾಟದ ಲೆಕ್ಕವೂ ಬೇರೆ ಬೇರೆಯೆಂದು ತೋರಿದರೂ, ಆ ಊರಿನ ನೆಲವೇ ಅವೆರಡನ್ನು ಬಿಡಿಸಲಾಗದಂತೆ ಹೆಣೆದಿದೆ. ಏಳು ದ್ವೀಪಗಳ ನಡುವಿನ ನೀರನ್ನು ತುಂಬಿ ಬೆಸೆದು ಬೆಳೆಸಿದ ಈ ನಗರ ದಕ್ಷಿಣದ ಕೊಲಾಬಾದಿಂದ ಉತ್ತರಕ್ಕೆ ಉದ್ದುದ್ದ ಚಾಚಿಕೊಂಡಿದ್ದು, ಅಗಲಕ್ಕೆ ಹಬ್ಬಲು ಪಶ್ಚಿಮದಲ್ಲಿ ಸಮುದ್ರವೂ ಪೂರ್ವದಲ್ಲಿ ಖಾರಿಯೂ ಎಡೆಗೊಡದ ಕಾರಣ, ಜನವಸತಿ ರೈಲು ಹಳಿಗಳ ಗುಂಟವೇ ಸಾಗಿತು. ಆದ್ದರಿಂದ ಅಲ್ಲಿ ಒಂದು ಕೋಣೆಯ ನಿಜವಾದ ಬೆಲೆ ಅದರ ಬಾಡಿಗೆಯಿಂದ ಮಾತ್ರ ತಿಳಿಯುವುದಿಲ್ಲ. ಆ ಕೋಣೆ ಯಾವ ಹಳಿಯ ಬದಿಗಿದೆ, ಹತ್ತಿರದ ಸ್ಟೇಷನ್ನಿನಿಂದ ಎಷ್ಟು ನಡೆಯಬೇಕು, ಆ ಸ್ಟೇಷನ್ನಿನಲ್ಲಿ ವೇಗದ ಗಾಡಿ ನಿಲ್ಲುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಅದು ಅಗ್ಗವೋ ದುಬಾರಿಯೋ ಎಂದು ಹೇಳಲು ಬರುತ್ತದೆ. ಹಳಿಯನ್ನು ಮೊದಲು ಆರಿಸಿ ಕೋಣೆಯನ್ನು ಆಮೇಲೆ ಹುಡುಕಬೇಕೆಂಬ ಈ ತಿಳಿವಳಿಕೆ ಮುಂಬಯಿಗೆ ಹೋಗಿಬರುತ್ತಿದ್ದ ಕನ್ನಡನಾಡಿನ ಸಾಮಾನ್ಯ ಜನರಲ್ಲಿ ಒಂದು ಕಾಲಕ್ಕೆ ಬಾಯಿಂದ ಬಾಯಿಗೆ ಹರಿದು ಬರುತ್ತಿತ್ತು.

ಇಲ್ಲಿ ದಾಖಲಾಗುತ್ತಿರುವುದು ಉತ್ತರ ಕನ್ನಡದ ಕರಾವಳಿಯಿಂದ 1980ರ ದಶಕದ ಕೊನೆಯಲ್ಲಿ ಕೆಲಸದ ಸಂದರ್ಶನಕ್ಕೆಂದು ಮುಂಬಯಿಗೆ ಹೋಗಿ, ಮುಂದೆ ಪರೀಕ್ಷೆ, ನೆಂಟರ ಮದುವೆ, ಆಸ್ಪತ್ರೆ, ಗ್ರಂಥಾಲಯ ಎಂದು ಬೇರೆ ಬೇರೆ ನೆಪಗಳಲ್ಲಿ ಅಲ್ಲಿಗೆ ಹೋಗುತ್ತಲೇ ಬಂದ ಲೇಖಕನೊಬ್ಬನ ನೆನಪುಗಳು; ಆದರೆ ಅವು ಆ ತಲೆಮಾರಿನ ಅನೇಕರ ಅನುಭವದೊಂದಿಗೆ ಕೂಡಿಕೊಂಡಿರುವುದರಿಂದ ಒಬ್ಬನ ಕಥೆಯಾಗಿ ಉಳಿಯುವುದಿಲ್ಲ. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯುವ ತನಕ ಕರಾವಳಿಯವರು ಮುಂಬಯಿಗೆ ಹೋಗಲು ಘಟ್ಟಗಳನ್ನು ಹತ್ತಿಳಿಯುವ ರಾತ್ರಿ ಬಸ್ಸನ್ನು ನಂಬಬೇಕಿತ್ತು, ಇಲ್ಲವೇ ಹುಬ್ಬಳ್ಳಿಗೆ ಹೋಗಿ ಮೀಟರ್ ಗೇಜ್ ಗಾಡಿ ಹತ್ತಿ, ಮೀರಜಿನಲ್ಲಿ ಇಳಿದು, ಸಾಮಾನು ಹೊತ್ತು ಬ್ರಾಡ್ ಗೇಜ್ ಗಾಡಿಗೆ ಬದಲಾಗಬೇಕಿತ್ತು. ಇಂತಹ ಪ್ರಯಾಣದ ಯೋಜನೆ ತಿಂಗಳ ಮೊದಲೇ ಒಂದು ಇನ್‌ಲ್ಯಾಂಡ್ ಪತ್ರದಿಂದ ಆರಂಭವಾಗುತ್ತಿತ್ತು. ಮುಂಬಯಿಯಲ್ಲಿದ್ದ ಊರಿನವರೊಬ್ಬರಿಗೆ ಬರೆದ ಆ ಪತ್ರಕ್ಕೆ ಬರುತ್ತಿದ್ದ ಉತ್ತರದಲ್ಲಿ ಕುಶಲ ಸಮಾಚಾರಕ್ಕಿಂತ ದಾರಿಯ ವಿವರವೇ ಹೆಚ್ಚಿರುತ್ತಿತ್ತು: ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಬ್ರಿಜ್ ಹತ್ತಬೇಕು, ಈಸ್ಟಿಗೆ ಹೊರಬೀಳಬೇಕೋ ವೆಸ್ಟಿಗೋ ಎಂಬುದನ್ನು ಬರೆದು, ಕೊನೆಯ ಗುರುತಾಗಿ ಒಂದು ಉಡುಪಿ ಹೋಟೆಲಿನ ಹೆಸರು ಕೊಟ್ಟಿರುತ್ತಿದ್ದರು.

ಈಸ್ಟ್ ಮತ್ತು ವೆಸ್ಟ್ ಎಂಬ ಈ ವಿಂಗಡಣೆಯನ್ನು ಹೊಸಬರು ಮೊದಲು ಅರಿಯಬೇಕಾಗುತ್ತದೆ. ಹಳಿಯು ತಾನು ಹಾದುಹೋಗುವ ಬಡಾವಣೆಗಳನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡಾಗಿ ಸೀಳಿರುವುದರಿಂದ, ದಾದರ್ ಎಂದಷ್ಟೇ ಬರೆದ ವಿಳಾಸ ಅರ್ಧ ವಿಳಾಸವಾಗುತ್ತದೆ. ತಪ್ಪು ಬದಿಗೆ ಹೊರಬಿದ್ದವರು ಸಾಮಾನಿನೊಂದಿಗೆ ಮತ್ತೆ ಮೆಟ್ಟಿಲು ಹತ್ತಿ, ಸೇತುವೆ ದಾಟಿ ಇಳಿಯಬೇಕಾಗುತ್ತದೆ. ಲಾಡ್ಜಿನ ಜಾಹೀರಾತಿನಲ್ಲಿ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ ಎಂದು ಬರೆದಿದ್ದರೂ ಅದು ಯಾವ ಬದಿಯ ಐದು ನಿಮಿಷ ಎಂದು ಕೇಳಿಕೊಳ್ಳುವುದು ಇಂದಿಗೂ ಅಗತ್ಯ.

ಮುಂಬಯಿಯ ಉಪನಗರ ರೈಲುಗಳನ್ನು ಅಲ್ಲಿನವರು ಲೋಕಲ್ ಎನ್ನುತ್ತಾರೆ. ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ದೂರ ಭಾರತದ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮೊದಲ ವಿದ್ಯುತ್ ರೈಲು ಹೊರಟದ್ದು 1925ರ ಫೆಬ್ರವರಿ 3ರಂದು, ಆಗ ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರಿದ್ದ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಹಳಬರ ಬಾಯಲ್ಲಿ ಆ ನಿಲ್ದಾಣ ಇನ್ನೂ ವಿ.ಟಿ. ಆಗಿಯೇ ಉಳಿದಿದೆ. ಸಂದರ್ಶಕನ ಬಳಕೆಗೆ ಮುಖ್ಯವಾಗಿ ಮೂರು ಮಾರ್ಗಗಳಿವೆ. ಚರ್ಚ್‌ಗೇಟಿನಿಂದ ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆಗೆ ಹೋಗುವುದು ವೆಸ್ಟರ್ನ್; ವಿ.ಟಿ.ಯಿಂದ ದಾದರ್, ಕುರ್ಲಾ, ಠಾಣೆ, ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಕಸಾರಾ ಮತ್ತು ಕರ್ಜತ್ ದಿಕ್ಕಿಗೆ ಕವಲೊಡೆಯುವುದು ಸೆಂಟ್ರಲ್; ವಿ.ಟಿ.ಯಿಂದಲೇ ಹೊರಟು ವಡಾಲಾ, ಕುರ್ಲಾ ಮೂಲಕ ಖಾರಿ ದಾಟಿ ಪನವೇಲಿಗೆ ಹೋಗುವುದು ಹಾರ್ಬರ್. ಮೊದಲಿನ ಎರಡು ಮಾರ್ಗಗಳು ಕೂಡುವ ದಾದರ್, ಸೆಂಟ್ರಲ್ ಮತ್ತು ಹಾರ್ಬರ್ ಕೂಡುವ ಕುರ್ಲಾ, ಈ ಎರಡು ಹೆಸರುಗಳನ್ನು ತಿಳಿದವರಿಗೆ ನಗರದ ಬಹುಪಾಲು ಕೈಗೆಟುಕಿದಂತೆಯೇ. ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ ಸ್ಲೋ, ಆಯ್ದ ಕಡೆ ಮಾತ್ರ ನಿಲ್ಲುವುದು ಫಾಸ್ಟ್. ಪ್ಲಾಟ್‌ಫಾರಂ ಮೇಲೆ ತೂಗುವ ಇಂಡಿಕೇಟರ್ ಫಲಕ ಬರಲಿರುವ ಗಾಡಿಯ ಕೊನೆಯ ನಿಲ್ದಾಣವನ್ನೂ ಅದು ಸ್ಲೋ ಅಥವಾ ಫಾಸ್ಟ್ ಎಂಬುದನ್ನೂ ಎಷ್ಟು ಡಬ್ಬಿಗಳದ್ದೆಂಬುದನ್ನೂ ತೋರಿಸುತ್ತದೆ. ಡಬ್ಬಿಗಳ ಸಂಖ್ಯೆ ಗಾಡಿ ಪ್ಲಾಟ್‌ಫಾರಂನ ಯಾವ ಭಾಗದಲ್ಲಿ ನಿಲ್ಲುತ್ತದೆಂಬುದನ್ನು ಹೇಳುವುದರಿಂದ, ಮಹಿಳೆಯರ ಡಬ್ಬಿ ಹುಡುಕುವವರಿಗೆ ಅದು ಬಹಳ ಉಪಯುಕ್ತವಾದ ಸೂಚನೆ.

ಕನ್ನಡನಾಡಿನಿಂದ ಹೋಗುವವರ ವಸತಿಯ ಆಯ್ಕೆಯನ್ನು ಅವರು ಬಂದಿಳಿಯುವ ನಿಲ್ದಾಣವೇ ಅರ್ಧ ನಿರ್ಧರಿಸುತ್ತದೆ. ಬೆಂಗಳೂರಿನಿಂದ ಗುಂತಕಲ್ಲು, ರಾಯಚೂರು, ಕಲಬುರಗಿ, ಸೊಲ್ಲಾಪುರ ದಾರಿಯಾಗಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ, ದಾದರ್ ಮುಟ್ಟಿ ವಿ.ಟಿ.ಯಲ್ಲಿ ನಿಲ್ಲುತ್ತದೆ, ಹುಬ್ಬಳ್ಳಿ, ಬೆಳಗಾವಿ ಮೂಲಕ ಬರುವ ಚಾಲುಕ್ಯ ಮತ್ತು ಶರಾವತಿ ಎಕ್ಸ್‌ಪ್ರೆಸ್‌ಗಳು ದಾದರಿಗೆ ಬರುತ್ತವೆ, ಕರಾವಳಿಯ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಹೋಗುತ್ತದೆ. ಈ ಕೊನೆಯ ನಿಲ್ದಾಣ ಕುರ್ಲಾ ಲೋಕಲ್ ಸ್ಟೇಷನ್ನಿಗೆ ಅಂಟಿಕೊಂಡಿಲ್ಲ. ಹಾರ್ಬರ್ ಮಾರ್ಗದ ತಿಲಕ್ ನಗರ ಸ್ಟೇಷನ್ ಅದಕ್ಕಿಂತ ಸಮೀಪದ್ದಾದರೂ, ಅಲ್ಲಿಗೂ ಗಂಟುಮೂಟೆ ಹೊತ್ತು ನಡೆಯಬೇಕಾಗುತ್ತದೆ. ಆದುದರಿಂದ ಮಾರ್ಗ ಬಲ್ಲ ಕರಾವಳಿಯ ಹಿರಿಯರು ಕೊನೆಯ ತನಕ ಕೂರದೆ, ನವಿ ಮುಂಬಯಿಗೆ ಹೋಗುವುದಿದ್ದರೆ ಪನವೇಲಿನಲ್ಲಿಯೂ ಸೆಂಟ್ರಲ್ ಮಾರ್ಗದ ಮನೆಗಳಿಗೆ ಹೋಗುವುದಿದ್ದರೆ ಠಾಣೆಯಲ್ಲಿಯೂ ಇಳಿದು ಲೋಕಲ್ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದರು. ದೂರದ ಗಾಡಿಯ ಕೊನೆಯ ನಿಲ್ದಾಣವೇ ತನ್ನ ಗುರಿ ಎಂದು ಭಾವಿಸುವ ಪ್ರಯಾಣಿಕ ನಗರದೊಳಕ್ಕೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ ಎಂಬ ಈ ಸಣ್ಣ ವಿವೇಕ ಯಾವ ವೇಳಾಪಟ್ಟಿಯಲ್ಲೂ ಅಚ್ಚಾಗುವುದಿಲ್ಲ.

ವಸತಿಯ ಮಾತಿಗೆ ಬಂದರೆ, ಆ ಕಾಲದ ಕನ್ನಡಿಗರಲ್ಲಿ ಹೆಚ್ಚಿನವರು ಲಾಡ್ಜಿನ ಮುಖವನ್ನೇ ನೋಡುತ್ತಿರಲಿಲ್ಲ. ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಊರಿನಿಂದ ಬಂದ ನೆಂಟನಿಗೂ ಅಲ್ಲೇ ಒಂದು ಮೇಜಿನಷ್ಟು ಜಾಗ ಸಿಗುತ್ತಿತ್ತು. ಸ್ವಲ್ಪ ಅನುಕೂಲವಿದ್ದ ನೌಕರರು ಚಾಳುಗಳಲ್ಲಿ ಖೋಲಿ ಹಿಡಿದಿರುತ್ತಿದ್ದರು. ಚಾಳ್ ಎಂದರೆ ಉದ್ದನೆಯ ಜಗಲಿಯೊಂದಕ್ಕೆ ತೆರೆದುಕೊಳ್ಳುವ ಒಂಟಿ ಕೋಣೆಗಳ ಸಾಲು, ಖೋಲಿ ಎಂದರೆ ಅಂಥ ಒಂದು ಕೋಣೆ. ಅದರಲ್ಲಿ ಪಾಳಿಯ ಮೇಲೆ ದುಡಿಯುವ ಹಲವರು ಪಾಳಿಯ ಮೇಲೆಯೇ ನಿದ್ರಿಸುತ್ತಿದ್ದರಿಂದ ಅತಿಥಿಗೆ ಹಗಲು ಒಂದು ಚಾಪೆಯಾದರೆ ರಾತ್ರಿ ಇನ್ನೊಂದು ಚಾಪೆ. ಲೇಖಕ ಮೊದಲ ಸಲ ಉಳಿದದ್ದು ಇಂಥದೇ ಒಂದು ಖೋಲಿಯಲ್ಲಿ. ನೀರು ಬೆಳಗಿನ ಜಾವ ಸ್ವಲ್ಪ ಹೊತ್ತು ಮಾತ್ರ ಬರುತ್ತಿದ್ದುದರಿಂದ ಸಂದರ್ಶನದ ದಿನ ಅತಿಥಿಗೆ ಮೊದಲು ಸ್ನಾನ ಬಿಟ್ಟುಕೊಟ್ಟು, ರಾತ್ರಿ ಪಾಳಿ ಮುಗಿಸಿ ಬಂದವರು ಬಕೆಟ್ ಹಿಡಿದು ಜಗಲಿಯಲ್ಲಿ ಕಾದು ನಿಂತಿದ್ದರು. ಆತಿಥ್ಯದ ಇಂತಹ ರೂಪವನ್ನು ಯಾವ ದರಪಟ್ಟಿಯಿಂದಲೂ ಅಳೆಯಲು ಬರುವುದಿಲ್ಲವೆಂಬ ಕೃತಜ್ಞತೆ ಆ ಲೇಖಕನಲ್ಲಿ ಇಂದಿಗೂ ಮಾಸಿಲ್ಲ.

ಆದರೂ ಆ ಆತಿಥ್ಯಕ್ಕೊಂದು ಮಿತಿಯಿತ್ತು ಎಂಬುದನ್ನೂ ಹೇಳಬೇಕು. ಖೋಲಿಯವರು ಪ್ರೀತಿಯಿಂದ ಕರೆದರೂ ಅವರ ನಿದ್ರೆ ಮತ್ತು ನೀರಿನ ಪಾಲನ್ನು ಅತಿಥಿ ಕಡಿಮೆ ಮಾಡುತ್ತಿದ್ದ. ಹೆಂಗಸರೊಂದಿಗೆ ಬಂದವರಿಗೆ ಅಲ್ಲಿ ಉಳಿಯುವುದು ಸಾಧ್ಯವೇ ಇರಲಿಲ್ಲ. ಊರಿನವರು ಯಾರೂ ಇಲ್ಲದ ಕುಟುಂಬದವರ ಪಾಡು ಇನ್ನೂ ಕಷ್ಟದ್ದಾಗಿತ್ತು. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಮಾಟುಂಗದಂತಹ ಬಡಾವಣೆಗಳ ಪರಿಸರ. ದಕ್ಷಿಣ ಭಾರತೀಯರು ದಟ್ಟವಾಗಿ ನೆಲೆಸಿದ ಮಾಟುಂಗಕ್ಕೆ ಎರಡು ಹಳಿಗಳ ನಡುವಿನ ಸ್ಥಾನಬಲವಿದೆ: ಪೂರ್ವದಲ್ಲಿ ಸೆಂಟ್ರಲ್ ಮಾರ್ಗದ ಮಾಟುಂಗ, ಪಶ್ಚಿಮದಲ್ಲಿ ವೆಸ್ಟರ್ನ್ ಮಾರ್ಗದ ಮಾಟುಂಗ ರೋಡ್, ಎರಡನ್ನೂ ಸೇರಿಸುವ ಝಡ್ ಬ್ರಿಜ್ ಎಂಬ ಕಾಲ್ಸೇತುವೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಅಲ್ಲಿಯೇ ಇದೆ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವೂ ಮಾಟುಂಗ ರೋಡಿನ ಆಸುಪಾಸಿನಲ್ಲಿದೆ. ಇಂತಹ ಸಂಸ್ಥೆಗಳ ಸಭೆಗೋ ನಾಟಕಕ್ಕೋ ಹೋದ ಅಪರಿಚಿತನಿಗೆ ಸಂಜೆ ಮುಗಿಯುವುದರೊಳಗೆ ನಂಬಿಕೆಯ ಲಾಡ್ಜೊಂದರ ಹೆಸರು ಸಿಗುತ್ತಿತ್ತು. ಮಾಟುಂಗ ಸ್ಟೇಷನ್ನಿನ ಎದುರಿನ ಮಾರುಕಟ್ಟೆಯ ಮೇಲಂತಸ್ತಿನಲ್ಲಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಮಾಡಿದರೆ ಆ ದಿನದ ಇನ್ನೊಂದು ಹೊತ್ತಿನ ಊಟದ ಖರ್ಚು ಉಳಿಯುತ್ತಿತ್ತು. ಬೋರ್ಡಿಂಗ್ ಎಂಬುದು ಇಲ್ಲಿ ಊಟದ ವ್ಯವಸ್ಥೆಯನ್ನಷ್ಟೇ ಸೂಚಿಸುತ್ತದೆ, ಮಲಗುವ ವ್ಯವಸ್ಥೆಯನ್ನಲ್ಲ. ಲಾಡ್ಜಿಂಗ್ ಎಂದು ಫಲಕದಲ್ಲಿ ಬರೆದಿರುವ ಕಡೆ ಮಾತ್ರ ಕೋಣೆ ಕೇಳಬಹುದು.

ಹಣ ಕೊಟ್ಟು ಉಳಿಯುವ ಅಗ್ಗದ ಜಾಗಗಳಲ್ಲಿ ಹಲವು ಬಗೆ. ದೂರದ ರೈಲಿನ ಖಾತರಿಯಾದ ಟಿಕೆಟ್ ಇದ್ದವರಿಗೆ ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮ್ ಎಂಬ ವಿಶ್ರಾಂತಿ ಕೋಣೆಗಳೂ ಡಾರ್ಮಿಟರಿ ಎಂಬ ಸಾಮೂಹಿಕ ಮಲಗುಕೋಣೆಗಳೂ ಸಿಗುತ್ತವೆ. ಟಿಕೆಟಿನ ಪಿಎನ್ಆರ್ ಸಂಖ್ಯೆಯ ಮೇಲೆಯೇ ಕಾಯ್ದಿರಿಸುವ ಪದ್ಧತಿಯಿರುವುದರಿಂದ ಇವು ಒಂದೆರಡು ದಿನದ ಕೆಲಸಕ್ಕೆ ಬಂದವರಿಗೆ ಬಹಳ ಒದಗುತ್ತವೆ. 2021ರಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಪಾಡ್ ಹೋಟೆಲ್, ಅಂದರೆ ಒಬ್ಬರು ಮಲಗುವಷ್ಟು ಗಾತ್ರದ ಗೂಡುಗಳ ವಸತಿ, ಆರಂಭವಾಯಿತು. ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದಿನ ಬೀದಿಯಲ್ಲಿರುವ ಸಾಲ್ವೇಷನ್ ಆರ್ಮಿಯ ಅತಿಥಿಗೃಹ ವಿದೇಶದ ಬಡ ಪ್ರವಾಸಿಗರಿಂದ ಹೆಸರು ಪಡೆದದ್ದು. ಮೇಡಂ ಕಾಮಾ ರಸ್ತೆಯ ವೈ.ಡಬ್ಲ್ಯು.ಸಿ.ಎ. ಒಂಟಿಯಾಗಿ ಬರುವ ಮಹಿಳೆಯರು ನಿರ್ಭಯವಾಗಿ ಉಳಿಯಬಹುದಾದ ಜಾಗಗಳಲ್ಲೊಂದು. ಒಂಟಿ ಹೆಂಗಸಿಗೆ ಕೋಣೆಯಿಲ್ಲವೆಂದು ಮುಖಕ್ಕೆ ಹೇಳುವ ಸಣ್ಣ ಲಾಡ್ಜುಗಳು ಆಗ ಸಾಲುಸಾಲಾಗಿದ್ದವು. ಲೇಖಕನ ತಂಗಿ ಪರೀಕ್ಷೆಗೆಂದು ಹೋದಾಗ ಎರಡು ಕಡೆ ಆ ಮಾತು ಕೇಳಿ, ಕೊನೆಗೆ ಊರಿನವರ ಮನೆಯ ಅಡುಗೆಕೋಣೆಯಲ್ಲಿ ಮಲಗಿ ಪರೀಕ್ಷೆ ಬರೆದು ಬಂದಳು. ಮಹಿಳೆಯರಿಗಾಗಿಯೇ ಚರ್ಚ್‌ಗೇಟಿನಿಂದ ಪ್ರತ್ಯೇಕ ಗಾಡಿಯೊಂದನ್ನು 1992ರಲ್ಲಿ ಓಡಿಸಲು ಆರಂಭಿಸಿದ ನಗರದಲ್ಲಿ ಹೆಣ್ಣೊಬ್ಬಳು ರಾತ್ರಿ ತಂಗಲು ಇಷ್ಟು ಪರದಾಡಬೇಕಾದದ್ದು ನೋವಿನ ಸಂಗತಿ.

ಕಾಲಬಾದೇವಿ, ಭುಲೇಶ್ವರ, ಸಿ.ಪಿ. ಟ್ಯಾಂಕ್ ಸುತ್ತಿನ ಹಳೆಯ ಧರ್ಮಶಾಲೆಗಳದು ಇನ್ನೊಂದು ಪರಂಪರೆ. ವ್ಯಾಪಾರಿ ಸಮುದಾಯಗಳು ಯಾತ್ರಿಕರಿಗಾಗಿ ಕಟ್ಟಿಸಿದ ಇವುಗಳಲ್ಲಿ ಕೆಲವು ತಮ್ಮ ಸಮುದಾಯದವರಿಗೆ ಮಾತ್ರ ಮೀಸಲು, ಕೆಲವು ಎಲ್ಲರಿಗೂ ತೆರೆದವು. ಇಂತಹ ಜಾಗಗಳಲ್ಲಿ ಮೊದಲೇ ಕೇಳಿ ತಿಳಿಯಬೇಕಾದ ವಿಷಯಗಳೂ ಬೇರೆ: ಎಷ್ಟು ದಿನ ಉಳಿಯಲು ಬಿಡುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ, ಹಾಸಿಗೆ ಕೊಡುತ್ತಾರೋ ತರಬೇಕೋ, ಸ್ನಾನದ ಮನೆ ಸಾಮೂಹಿಕವೋ. ಲಾಡ್ಜುಗಳಲ್ಲಾದರೆ ದಿನದ ಲೆಕ್ಕ ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆಯೋ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ ಎಂದು ಕೇಳದೆ ಹೋದವರು ಬೆಳಿಗ್ಗೆ ಬಂದಿಳಿದು ಅರ್ಧ ದಿನಕ್ಕೆ ಪೂರ್ತಿ ದಿನದ ಬಾಡಿಗೆ ಕೊಡಬೇಕಾಗುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ನಿಲ್ದಾಣದ ಕ್ಲೋಕ್ ರೂಮ್, ಎಂದರೆ ಬೀಗ ಹಾಕಿದ ಸಾಮಾನನ್ನು ರಸೀತಿ ಪಡೆದು ಇಟ್ಟುಹೋಗುವ ಕೋಣೆ. ಬೆಳಗಿನ ಗಾಡಿಯಲ್ಲಿ ಬಂದವರು ಸಾಮಾನನ್ನು ಅಲ್ಲಿಟ್ಟು, ನಿರೀಕ್ಷಣಾ ಕೋಣೆಯಲ್ಲಿ ಮುಖ ತೊಳೆದು ಕೆಲಸಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಲಾಡ್ಜಿಗೆ ಹೋದರೆ ಒಂದು ದಿನದ ಬಾಡಿಗೆಯೇ ಉಳಿಯುತ್ತದೆ.

ಆದರೆ ಅಗ್ಗದ ವಸತಿ ಎಂಬುದು ಪ್ರವಾಸದ ಮಾತಾಗದೆ ಜೀವದ ಮಾತಾಗುವುದು ಪರೇಲಿನಲ್ಲಿ. ಅಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ದೇಶದ ಎಲ್ಲ ಮೂಲೆಗಳಿಂದ, ಕರ್ನಾಟಕದ ಉತ್ತರದ ಜಿಲ್ಲೆಗಳಿಂದಲೂ, ರೋಗಿಗಳು ಬರುತ್ತಾರೆ. ಚಿಕಿತ್ಸೆ ಒಂದೆರಡು ದಿನದ್ದಲ್ಲ, ವಾರಗಳದ್ದು, ತಿಂಗಳುಗಳದ್ದು. ಹಾಸಿಗೆಯಲ್ಲಿ ಮಲಗಿಸಿಕೊಳ್ಳದೆ ಹೊರರೋಗಿಯಾಗಿಯೇ ಕೊಡುವ ವಿಕಿರಣ ಚಿಕಿತ್ಸೆ, ಕಿಮೋಥೆರಪಿಗಳ ನಡುವಿನ ದಿನಗಳನ್ನು ಕಳೆಯಲು ಜಾಗವಿಲ್ಲದ ಕುಟುಂಬಗಳು ಆಸ್ಪತ್ರೆಯ ಎದುರಿನ ಪಾದಚಾರಿ ದಾರಿಯಲ್ಲೇ ಹಾಳೆ ಕಟ್ಟಿಕೊಂಡು ಮಲಗುವುದನ್ನು ಆ ರಸ್ತೆಯಲ್ಲಿ ನಡೆದ ಯಾರೂ ಮರೆಯಲಾರರು. ಲೇಖಕ ತನ್ನ ಸೋದರಮಾವನ ಚಿಕಿತ್ಸೆಗಾಗಿ ಅಲ್ಲಿಗೆ ಹೋಗಿದ್ದಾಗ, ದಾದರ್ ಪೂರ್ವದಲ್ಲಿರುವ ಸಂತ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆಯ ವಿಷಯ ತಿಳಿಯಿತು. ಪೊರಕೆ ಹಿಡಿದು ಊರೂರು ಗುಡಿಸುತ್ತ, ದೇವಸ್ಥಾನ ಕಟ್ಟುವುದಕ್ಕಿಂತ ಧರ್ಮಶಾಲೆ ಕಟ್ಟುವುದು ಮೇಲೆಂದು ಬಗೆದಿದ್ದ ಆ ಸಂತ (1876–1956) ಬಡವರು ನಗರಕ್ಕೆ ಬರುವುದು ಬೇಕೆಂದಲ್ಲ, ಬೇರೆ ದಾರಿಯಿಲ್ಲದೆ ಎಂಬುದನ್ನು ಅರಿತಿದ್ದವರು. ಅಲ್ಲಿ ರೋಗಿ ಮತ್ತು ಜೊತೆಗಾರರು ಅತ್ಯಲ್ಪ ಹಣಕ್ಕೆ ಉಳಿಯುತ್ತಾರೆ. ಆಸ್ಪತ್ರೆಯ ಪತ್ರ ತೋರಿಸಬೇಕು, ಜಾಗ ಖಾಲಿಯಾಗುವ ತನಕ ಕಾಯಬೇಕು. ಕಾಯುವವರ ಸಾಲು ಎಂದೂ ಕರಗುವುದಿಲ್ಲ. ಅಲ್ಲಿನ ಜಗಲಿಯಲ್ಲಿ ಬಿಹಾರದ, ಬಂಗಾಳದ, ವಿಜಯಪುರದ ಹೆಂಗಸರು ಒಂದೇ ಸೀಮೆಎಣ್ಣೆ ಒಲೆಯನ್ನು ಸರದಿಯ ಮೇಲೆ ಬಳಸಿ ಗಂಜಿ ಕಾಯಿಸುತ್ತಿದ್ದುದನ್ನು ಕಂಡ ಮೇಲೆ, ತಂಗುವ ಜಾಗವೂ ಚಿಕಿತ್ಸೆಯ ಭಾಗವೆಂಬ ಅರಿವು ಆ ಲೇಖಕನಲ್ಲಿ ಗಟ್ಟಿಯಾಯಿತು.

ಹಳಿಯ ಪಕ್ಕ ಕೋಣೆ ಸಿಕ್ಕವನು ಮುಂದೆ ಹೊತ್ತನ್ನು ಕಲಿಯಬೇಕು. ಮುಂಬಯಿಯ ಕಚೇರಿಗಳು ಬಹುಕಾಲ ದಕ್ಷಿಣದ ತುದಿಯಲ್ಲಿಯೇ ಕೇಂದ್ರೀಕೃತವಾಗಿದ್ದುದರಿಂದ ಬೆಳಿಗ್ಗೆ ಜನಪ್ರವಾಹ ದಕ್ಷಿಣಕ್ಕೂ ಸಂಜೆ ಉತ್ತರಕ್ಕೂ ಹರಿಯುತ್ತದೆ. ದಕ್ಷಿಣದಲ್ಲಿ ಉಳಿದು ಉತ್ತರದಲ್ಲಿ ಕೆಲಸವಿರುವ ಸಂದರ್ಶಕನಿಗೆ ಎರಡು ಹೊತ್ತೂ ಎದುರು ದಿಕ್ಕಿನ, ತುಸು ಸಡಿಲವಾದ ಗಾಡಿ ಸಿಗುತ್ತದೆ. ಕೋವಿಡ್ ಪೂರ್ವದಲ್ಲಿ ದಿನವೊಂದಕ್ಕೆ ಸುಮಾರು 75 ಲಕ್ಷ ಜನರನ್ನು ಹೊತ್ತ ಈ ವ್ಯವಸ್ಥೆಯಲ್ಲಿ ಗಾಡಿಯ ಆಯ್ಕೆಗೂ ಒಂದು ಅಲಿಖಿತ ಶಿಸ್ತುಂಟು. ಸಂಜೆ ಚರ್ಚ್‌ಗೇಟಿನಿಂದ ಅಂಧೇರಿಗೆ ಹೋಗುವವರು ವಿರಾರ್ ಫಾಸ್ಟ್ ಹತ್ತಬಾರದು, ಏಕೆಂದರೆ ದೂರ ಹೋಗುವವರು ಬಾಗಿಲಿನ ತನಕ ತುಂಬಿ ನಿಂತಿರುವಾಗ ನಡುವೆ ಇಳಿಯುವವರಿಗೆ ದಾರಿ ಸಿಗುವುದಿಲ್ಲ. ಇಳಿಯುವ ಮೊದಲು ಮುಂದಿನ ಸ್ಟೇಷನ್ ಯಾವ ಬದಿಗೆ ಬರುತ್ತದೆಂದು ಪಕ್ಕದವರನ್ನು ಕೇಳಿ, ಒಂದು ಸ್ಟೇಷನ್ ಮೊದಲೇ ಆ ಬಾಗಿಲಿನ ಕಡೆ ಸರಿದು ನಿಲ್ಲುವುದು ವಾಡಿಕೆ. ಈ ಎಚ್ಚರಗಳನ್ನು ಅತಿಯೆಂದು ಭಾವಿಸುವವರು 2017ರ ಸೆಪ್ಟೆಂಬರ್ 29ನ್ನು ನೆನೆಯಬೇಕು: ಆಗ ಎಲ್ಫಿನ್‌ಸ್ಟನ್ ರೋಡ್ ಎಂದಿದ್ದ, ಈಗ ಪ್ರಭಾದೇವಿ ಎನಿಸಿಕೊಂಡಿರುವ ಸ್ಟೇಷನ್ನಿನ ಕಿರಿದಾದ ಕಾಲ್ಸೇತುವೆಯ ಮೇಲೆ, ಮಳೆಯ ಬೆಳಗಿನ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಆ ಸಾವುಗಳು ಪ್ರಯಾಣಿಕರ ಅವಸರದ ಫಲವಲ್ಲ. ಗಿರಣಿಗಳು ಮುಚ್ಚಿ ಕಚೇರಿಗಳು ಎದ್ದ ಪ್ರದೇಶದಲ್ಲಿ ಸೇತುವೆಯನ್ನು ಅಗಲಿಸದೆ ಬಿಟ್ಟ ಉಪೇಕ್ಷೆಯ ಫಲ.

ಭಾನುವಾರಕ್ಕೆ ಬೇರೆ ಲೆಕ್ಕವಿದೆ. ಅಂದು ಹಳಿ ದುರಸ್ತಿಗಾಗಿ ಮಾರ್ಗದ ಒಂದು ಭಾಗದಲ್ಲಿ ಕೆಲವು ಗಂಟೆ ಗಾಡಿಗಳನ್ನು ನಿಲ್ಲಿಸುವ ಅಥವಾ ಬೇರೆ ಹಳಿಗೆ ತಿರುಗಿಸುವ ಕ್ರಮವನ್ನು ಮೆಗಾ ಬ್ಲಾಕ್ ಎನ್ನುತ್ತಾರೆ; ಯಾವ ಭಾಗದಲ್ಲಿ ಎಂಬುದು ಹಿಂದಿನ ದಿನದ ಪತ್ರಿಕೆಯಲ್ಲಿ ಬರುತ್ತದೆ. ರಾತ್ರಿ ಸುಮಾರು ಒಂದು ಗಂಟೆಯಿಂದ ನಾಲ್ಕರ ತನಕ ಲೋಕಲ್ ಇರುವುದಿಲ್ಲವಾದ್ದರಿಂದ ಆ ಹೊತ್ತಿಗೆ ಬಂದಿಳಿಯುವವರು ನಿರೀಕ್ಷಣಾ ಕೋಣೆಯಲ್ಲಿ ಬೆಳಕು ಹರಿಯುವ ತನಕ ಕೂರುವುದೇ ಲೇಸು. ಮಳೆಗಾಲದ ಯೋಜನೆಯಲ್ಲಿ ಉಬ್ಬರದ ವೇಳೆಯೂ ಸೇರಬೇಕು. ಭಾರಿ ಮಳೆಯೂ ದೊಡ್ಡ ಉಬ್ಬರವೂ ಕೂಡಿಬಂದರೆ ನೀರು ಸಮುದ್ರಕ್ಕೆ ಹೋಗದೆ ಸಾಯನ್, ಕುರ್ಲಾ ಭಾಗದ ಹಳಿಗಳ ಮೇಲೆ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಊರಿಗೆ ಊರೇ ಹಳಿಯ ಮೇಲೆ ನಡೆದು ಮನೆ ಸೇರಿತು.

ಹಳಿ ತಲುಪದ ಕಡೆಗೆ ಬೆಸ್ಟ್ ಬಸ್ಸುಗಳಿವೆ. 1926ರ ಜುಲೈ 15ರಂದು ಮೊದಲ ಬಸ್ ಓಡಿಸಿದ ಈ ಸಂಸ್ಥೆ 1947ರಲ್ಲಿ ನಗರಪಾಲಿಕೆಯ ವಶಕ್ಕೆ ಬಂತು. ನಗರಕ್ಕೆ ವಿದ್ಯುತ್ ಹಂಚುವ ಕೆಲಸವೂ ಇದರದೇ ಆದುದರಿಂದ ವಿದ್ಯುತ್ತಿನ ಆದಾಯದಿಂದ ಬಸ್ಸಿನ ನಷ್ಟ ತುಂಬುವ ಪದ್ಧತಿ ಬಹುಕಾಲ ನಡೆಯಿತು, ಅಗ್ಗದ ಟಿಕೆಟಿನ ಹಿಂದಿನ ಕಾರಣವೂ ಅದೇ ಆಗಿತ್ತು. ಬಸ್ಸಿನ ಮುಂಭಾಗದ ಸಂಖ್ಯೆ ದೇವನಾಗರಿ ಅಂಕಿಯಲ್ಲಿರುತ್ತಿದ್ದುದರಿಂದ ಹೊಸಬರು ಆ ಹತ್ತು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಆಟೋರಿಕ್ಷಾಗಳಿಗೆ ಮಾಹಿಮ್ ಮತ್ತು ಸಾಯನ್ ಗಡಿಯಿಂದ ದಕ್ಷಿಣಕ್ಕೆ ಪ್ರವೇಶವಿಲ್ಲವೆಂಬುದೂ, ಅಲ್ಲಿಂದಾಚೆ ಟ್ಯಾಕ್ಸಿ ಇಲ್ಲವೇ ಬಸ್ಸನ್ನೇ ಹಿಡಿಯಬೇಕೆಂಬುದೂ ಲಾಡ್ಜ್ ಆರಿಸುವಾಗಲೇ ನೆನಪಿರಬೇಕಾದ ಸಂಗತಿ. 2014ರ ಜೂನ್ 8ರಂದು ವರ್ಸೋವಾ–ಅಂಧೇರಿ–ಘಾಟ್‌ಕೋಪರ್ ಮೆಟ್ರೋ ತೆರೆದ ಮೇಲೆ ವೆಸ್ಟರ್ನ್ ಮತ್ತು ಸೆಂಟ್ರಲ್ ಮಾರ್ಗಗಳ ನಡುವೆ ಉತ್ತರದಲ್ಲಿಯೂ ಒಂದು ಅಡ್ಡದಾರಿ ಸಿಕ್ಕಿತು. ಅದಕ್ಕೆ ಮೊದಲು ಅಂಧೇರಿಯಿಂದ ಘಾಟ್‌ಕೋಪರಿಗೆ ಹೋಗಲು ದಾದರಿಗೆ ಇಳಿದು ಮತ್ತೆ ಏರಬೇಕಿತ್ತು, ಇಲ್ಲವೇ ಬಸ್ಸಿನಲ್ಲಿ ದೀರ್ಘಕಾಲ ಕೂರಬೇಕಿತ್ತು. ಆರೇಯಿಂದ ಕಫ್ ಪರೇಡ್ ತನಕದ ಸುರಂಗ ಮೆಟ್ರೋ 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ, ವಿಮಾನ ನಿಲ್ದಾಣದಿಂದ ದಕ್ಷಿಣದ ತುದಿಗೆ ಹಳಿಯ ದಾರಿ ಮೊದಲ ಬಾರಿಗೆ ದೊರೆಯಿತು.

ಈ ಎಲ್ಲ ವರ್ಷಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಸಮತೆ ಎದ್ದು ಕಾಣುತ್ತದೆ. ಲೋಕಲ್ ರೈಲಿನ ಎರಡನೆಯ ದರ್ಜೆಯ ಕನಿಷ್ಠ ಟಿಕೆಟ್ ಇಂದಿಗೂ 5 ರೂಪಾಯಿ. ಮೂರೂ ಮಾರ್ಗಗಳಲ್ಲಿ ಸುತ್ತಲು ಒಂದು, ಮೂರು ಮತ್ತು ಐದು ದಿನಗಳ ಪ್ರವಾಸಿ ಟಿಕೆಟುಗಳೂ ಇವೆ. ಬೆಸ್ಟ್ 2019ರ ಜುಲೈನಲ್ಲಿ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿ, 2025ರ ಮೇ ತಿಂಗಳಲ್ಲಿ 10ಕ್ಕೆ ಏರಿಸಿತು. ಏರಿಸಿದರೂ ಅದು ಬಡವನ ಕೈಯಳವಿನಲ್ಲಿಯೇ ಇದೆ. ನಷ್ಟವನ್ನು ಸಾರ್ವಜನಿಕ ಹಣದಿಂದ ಭರಿಸಿಯಾದರೂ ಜನ ಓಡಾಡಬೇಕೆಂದು ಒಪ್ಪಿಕೊಂಡ ಆಡಳಿತ, ಅದೇ ಜನ ರಾತ್ರಿ ಎಲ್ಲಿ ಮಲಗಬೇಕೆಂಬ ಪ್ರಶ್ನೆಯನ್ನು ನೆಂಟರಿಗೆ, ಜಾತಿಸಂಘಗಳಿಗೆ, ಧರ್ಮಶಾಲೆಗಳಿಗೆ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದಷ್ಟೇ ಅಲ್ಲ, ದಿನಕ್ಕೆ 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗಳಿಗೆ ಇದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈ 18ರಿಂದ ತೆಗೆದುಹಾಕಿ ಶೇಕಡಾ 12ರ ತೆರಿಗೆ ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5ಕ್ಕೆ ಇಳಿದರೂ, ಮೊದಲಿದ್ದ ವಿನಾಯಿತಿ ಮರಳಿ ಬರಲಿಲ್ಲ. ಅತ್ಯಂತ ಅಗ್ಗದ ಕೋಣೆಯಲ್ಲಿ ಉಳಿಯುವವರು ಯಾರೆಂದು ದಾದರಿನ ಯಾವುದೇ ಸಣ್ಣ ಲಾಡ್ಜಿನ ನೋಂದಣಿ ಪುಸ್ತಕ ಹೇಳಬಲ್ಲದು: ಸಂದರ್ಶನಕ್ಕೆ ಬಂದ ಹುಡುಗರು, ಸಣ್ಣ ವ್ಯಾಪಾರಿಗಳು, ಆಸ್ಪತ್ರೆಯ ಕಡತ ಹಿಡಿದ ಕುಟುಂಬಗಳು. ಅವರಿಂದ ತೆರಿಗೆ ಎತ್ತುವುದು ನ್ಯಾಯವಲ್ಲ.

ಖೋಲಿಯ ಆತಿಥ್ಯವೂ ಈಗ ತೀರುತ್ತ ಬಂದಿದೆ. ಚಾಳುಗಳು ಒಂದೊಂದಾಗಿ ಗೋಪುರ ಕಟ್ಟಡಗಳಿಗೆ ಜಾಗ ಬಿಡುತ್ತಿವೆ, ಊರಿನವರು ಡೊಂಬಿವಲಿ, ನಾಲಾಸೋಪಾರಾಗಳಿಗೆ ಸರಿದಿದ್ದಾರೆ. ಅವರ ಮನೆಯಲ್ಲಿ ಉಳಿಯುವ ಅತಿಥಿ ದಿನದ ಮೂರು ನಾಲ್ಕು ಗಂಟೆಯನ್ನು ಗಾಡಿಯಲ್ಲಿಯೇ ಕಳೆಯಬೇಕು. ಆದ್ದರಿಂದ ರಾಜ್ಯ ಸರ್ಕಾರಗಳು ಮತ್ತು ಮುಂಬಯಿಯ ಕನ್ನಡ ಸಂಘಗಳು ಕೂಡಿ ಮಾಡಬಹುದಾದ ಕೆಲಸವೊಂದಿದೆ: ಪರೇಲ್, ದಾದರ್, ಮಾಟುಂಗಗಳ ನಡುವೆ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ, ಚಿಕಿತ್ಸೆಗೂ ಪರೀಕ್ಷೆಗೂ ಬರುವ ಕನ್ನಡನಾಡಿನವರಿಗಾಗಿ, ಅದರಲ್ಲೂ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗಾಗಿ, ಶುಚಿಯಾದ ಡಾರ್ಮಿಟರಿಯೊಂದನ್ನು ನಡೆಸುವುದು. ಅದು ಆಗುವ ತನಕ, ಮುಂಬಯಿಗೆ ಹೊರಟವರು ಕೆಲಸವಿರುವ ಸ್ಥಳದ ಸ್ಟೇಷನ್ನನ್ನು ಮೊದಲು ಗುರುತಿಸಿ, ಅದೇ ಹಳಿಯ ಮೇಲೆ ಕೋಣೆ ಹುಡುಕಬೇಕು. ಆಸ್ಪತ್ರೆಗೆ ಹೋಗುವವರು ಚಿಕಿತ್ಸೆಯ ದಿನಾಂಕ ಸಿಕ್ಕ ಕೂಡಲೇ ಅಲ್ಲಿನ ಸಮಾಜಸೇವಾ ವಿಭಾಗದಲ್ಲಿ ವಸತಿಗಾಗಿ ಹೆಸರು ಬರೆಸಬೇಕು.